ಹಾಕಿದವನೇ ತೆಗೆಯಬೇಕಾದ ಬೀಗ

ಮಾರ್ಚ್ ೩

ನನ್ನ ಹೆಂಡತಿಯ ತಮ್ಮನಿಗೆ,

ಈ ಪ್ರಕಟಣೆಯ ಮೂಲಕ ಸಕಲ ಸಜ್ಜನರಿಗೂ, ಆ ಸಾಲಿನಲ್ಲಿ ಬಾರದ ನಿನಗೂ ತಿಳಿಯಪಡಿಸುವುದೇನೆಂದರೆ, ನನ್ನ ಸ್ಟೂಲು ನಿನ್ನ ಮನೆಯಲ್ಲಿದೆ. ಮೂರು ಕಾಲಿನದು, ಕಬ್ಬಿಣದ್ದು, ಹಸಿರು ಬಣ್ಣದ್ದು, ಒಂದು ಕಾಲಿನ ರಬ್ಬರ್ ಬೂಟು ಕಳೆದುಕೊಂಡು ನೆಲದ ಮೇಲೆ ಎಳೆದರೆ ಕಿರ್ರೆನ್ನುವಂಥದ್ದು. ಚರಿತ್ರೆಯಲ್ಲಿ ಎಷ್ಟೋ ಸಿಂಹಾಸನಗಳು ಕೈ ಬದಲಾಯಿಸಿವೆ. ಅವುಗಳಲ್ಲಿ ಒಂದೂ ಟೆಂಪೋದ ಹಿಂಬದಿಯಲ್ಲಿ, ಹಳೇ ಗೋಣಿಚೀಲ ಹೊದ್ದುಕೊಂಡು, ಕಳ್ಳನಂತೆ ಹೋದದ್ದು ನಾನು ಕೇಳಿಲ್ಲ.

ನಮ್ಮ ರಿಪೇರಿ ಕಸುಬಿನಲ್ಲಿ ಒಬ್ಬ ಲಿಫ್ಟಿನ ಅಡಿಯ ಗುಂಡಿಗೆ ಇಳಿದಾಗ ಇನ್ನೊಬ್ಬ ಮೇನ್ ಸ್ವಿಚ್ಚಿನ ಪಕ್ಕ ಅಲ್ಲಾಡದೆ ಕೂತಿರಬೇಕು ಎಂದು ನಾನೇ ನಿಂತು ಮಾಡಿಸಿದ ಸ್ಟೂಲು ಅದು. ಇಪ್ಪತ್ತು ವರ್ಷ ಅದರ ಮೇಲೆ ನೀನು ಕೂತೆ ಎಂಬುದು ನಿಜ. ಬಸ್ಸಿನಲ್ಲಿ ಕೂತವರು ಇಳಿಯುವಾಗ ಸೀಟು ಕಿತ್ತುಕೊಂಡು ಹೋಗುವುದಿಲ್ಲ. ಮಾತಾಡುವ ಲಿಫ್ಟುಗಳ ಕಂಪನಿಗೆ ಸೇರಿ, ಕುತ್ತಿಗೆಗೆ ಪಟ್ಟಿ ಕಟ್ಟಿಸಿಕೊಂಡು, ಎದೆಯ ಮೇಲೆ ಸ್ವಂತ ಫೋಟೋ ನೇತುಹಾಕಿಕೊಂಡು ಓಡಾಡುವವನಿಗೆ ಕೂರುವುದಕ್ಕೆ ಕಂಪನಿಯೇ ಏನಾದರೂ ಕೊಟ್ಟಿರಬೇಕು.

ನಾವು ಮಾತು ಬಿಟ್ಟು ಎರಡು ವರ್ಷವಾಯಿತು. ಅದನ್ನು ಮುರಿಯುವ ಇರಾದೆ ನನಗಿಲ್ಲ. ಕಾಗದ ಮಾತಲ್ಲ. ಕಾಗದದಲ್ಲಿ ನಿನ್ನ ಮುಖ ನೋಡುವ ಕಷ್ಟವಿಲ್ಲ, ಮಧ್ಯೆ ಬಾಯಿ ಹಾಕುವ ಅವಕಾಶ ನಿನಗಿಲ್ಲ. ಈ ಏರ್ಪಾಟು ಇಪ್ಪತ್ತು ವರ್ಷ ಮೊದಲೇ ಹೊಳೆಯಬೇಕಿತ್ತು.

ಇನ್ನೊಂದು ಕ್ಷುಲ್ಲಕ ಸಂಗತಿ. ನನ್ನ ಹೃದಯ ಕೆಟ್ಟಿದೆಯಂತೆ. ಮೋಟಾರ್ ಕೋಣೆಯ ಏಣಿ ಹತ್ತುವಾಗ ಎದೆಯೊಳಗೆ ಚೀಲದಲ್ಲಿ ಕಟ್ಟಿಹಾಕಿದ ಬೆಕ್ಕಿನಂತೆ ಏನೋ ಒದ್ದಾಡಿತು. ನಿನ್ನ ಅಕ್ಕ ನನ್ನನ್ನು ಎಳೆದುಕೊಂಡು ಹೋಗಿ ಆಸ್ಪತ್ರೆಯಲ್ಲಿ ಕೂರಿಸಿದಳು. ಬಿಳಿ ಕೋಟು ಹಾಕಿದ ಡಾಕ್ಟರಮ್ಮ, ನಮ್ಮ ಮಗಳಿದ್ದಿದ್ದರೆ ಅದೇ ವಯಸ್ಸು, ಎದೆಗೆ ವೈರುಗಳನ್ನು ಅಂಟಿಸಿ ಉದ್ದನೆಯ ಕಾಗದ ತೆಗೆದು, "ಮೇಲಿನ ಕೋಣೆಗಳು ಬಡೀತಾ ಇಲ್ಲ, ಸುಮ್ನೆ ನಡುಗ್ತಾ ಇವೆ. ಕೆಳಗಿನವು ತಾಳ ತಪ್ಪಿ ಓಡ್ತಾ ಇವೆ" ಅಂದಳು. ಮೇಲಿನವರು ನಡುಗುವುದು, ಕೆಳಗಿನವರು ಓಡುವುದು ಎಲ್ಲ ಕಟ್ಟಡಗಳಲ್ಲೂ ಇದ್ದದ್ದೇ ಎಂದೆ. ಅವಳು ನಗಲಿಲ್ಲ. ಇಷ್ಟು ಓದಿ ಏನು ಪ್ರಯೋಜನ.

ಸ್ಟೂಲು ಕಳಿಸು.

ಇತಿ,
ನಿನ್ನ ಅಕ್ಕನನ್ನು ಮದುವೆಯಾದ ಒಂದೇ ಕಾರಣಕ್ಕೆ ನಿನ್ನ ಭಾವ


ಮಾರ್ಚ್ ೭

ಪೂಜ್ಯ ಭಾವನವರಿಗೆ,

ತಮ್ಮ ಪ್ರಕಟಣೆ ತಲುಪಿತು. ಅಕ್ಕ ತರಕಾರಿ ಚೀಲದ ಅಡಿಯಲ್ಲಿಟ್ಟು ತಂದಿದ್ದಳು. ಸಾಮ್ರಾಟರ ರಾಜಮುದ್ರೆಯ ಮೇಲೆ ಟೊಮೇಟೊ ರಸ ಹರಿದಿತ್ತು. ಸ್ಟೂಲು ಕೊಡುವುದಿಲ್ಲ. ಇಪ್ಪತ್ತು ವರ್ಷ ಅದರ ಮೇಲೆ ಕೂತು ನನಗೆ ಸೊಂಟ ನೋವು ಬಂದಿದೆ. ನೋವು ನನ್ನದಾದ ಮೇಲೆ ಸ್ಟೂಲೂ ನನ್ನದೇ.

ನನ್ನ ಕಂಪನಿಯ ಬಗ್ಗೆ ತಾವು ಆಡಿದ ನುಡಿಮುತ್ತುಗಳನ್ನು ಮಡಿಸಿಟ್ಟಿದ್ದೇನೆ. ನಮ್ಮ ಲಿಫ್ಟು ಕೊನೆಪಕ್ಷ "ಬಾಗಿಲು ಮುಚ್ಚುತ್ತಿದೆ" ಎಂದು ಹೇಳಿ ಬಾಗಿಲು ಮುಚ್ಚುತ್ತದೆ. ತಾವು ಅಷ್ಟೂ ಹೇಳದೆ ಮುಚ್ಚಿಕೊಂಡವರು.

ಹೃದಯದ ವಿಷಯವನ್ನು ಸ್ಟೂಲಿನ ಬಾಲಕ್ಕೆ ಕಟ್ಟಿ ಬರೆದಿದ್ದೀರಿ. ಗಿರಾಕಿಗಳು ಫೋನು ಮಾಡಿ, "ಏನಿಲ್ಲ, ಸಣ್ಣ ಸದ್ದು" ಅಂದಾಗ ನೀವೇ ಹೇಳುತ್ತಿದ್ದಿರಿ: "ಹೊರಡೋ, ದೊಡ್ಡದೇ ಆಗಿದೆ." ಡಾಕ್ಟರಮ್ಮ ಏನು ರಿಪೇರಿ ಹೇಳಿದರು? ಪೂರ್ತಿ ಬರೆಯಿರಿ. ನಿಮ್ಮ ಮೇಲಿನ ಕಾಳಜಿಯಿಂದ ಕೇಳುತ್ತಿಲ್ಲ. ಅಕ್ಕ ಹೇಳುವಾಗ ಅರ್ಧಕ್ಕೆ ಮೂಗು ಒರೆಸಿಕೊಳ್ಳುತ್ತಾಳೆ, ಕಥೆ ಅಲ್ಲೇ ನಿಂತುಹೋಗುತ್ತದೆ.

ಈಗಲೂ ಗುಂಡಿಗೆ ಒಬ್ಬರೇ ಇಳಿಯುತ್ತೀರಾ?

ಇತಿ,
ತಮ್ಮ ಭಾಮೈದ, ಎದೆಯ ಮೇಲೆ ಫೋಟೋ ಇರುವವನು


ಮಾರ್ಚ್ ೧೪

ಫೋಟೋದವನಿಗೆ,

ಕೊನೆಯ ಪ್ರಶ್ನೆ ನಿನಗೆ ಸಂಬಂಧಪಟ್ಟದ್ದಲ್ಲ. ಸಂಬಂಧಪಟ್ಟವನು ಟೆಂಪೋ ಹತ್ತಿ ಹೋದ.

ರಿಪೇರಿ ಕೇಳಿದ್ದೀಯ. ಕೇಳು. ಮೊದಲು ನಮ್ಮ ಕಟ್ಟಡದ ತಜ್ಞರ ಅಭಿಪ್ರಾಯ. ಮೂರನೇ ಮಹಡಿಯವರು ನಿನಗೆ ಗೊತ್ತಲ್ಲ, ನಿವೃತ್ತರಾದ ದಿನದಿಂದ ಎಲ್ಲರಿಗೂ ಬುದ್ಧಿ ಹೇಳುವ ಕೆಲಸಕ್ಕೆ ಸೇರಿಕೊಂಡವರು. ಎದೆಬಡಿತ ತಪ್ಪಿದರೆ ಮುಖವನ್ನು ತಣ್ಣೀರಲ್ಲಿ ಮುಳುಗಿಸಿ ಉಸಿರು ಬಿಗಿಹಿಡಿಯಬೇಕು ಎಂದರು. ನಾನು ಡಾಕ್ಟರಮ್ಮನನ್ನು ಕೇಳಿದೆ. "ಅದು ಬೇರೆ ತರದ ಬಡಿತಕ್ಕೆ ಕೆಲವು ಸಲ ಕೆಲಸ ಮಾಡುತ್ತೆ. ನಿಮ್ಮದಕ್ಕಲ್ಲ. ನಿಮ್ಮ ಮುಖ ಒದ್ದೆಯಾಗುತ್ತೆ, ಅಷ್ಟೇ" ಅಂದಳು. ಈ ಒಂದು ಮಾತಿಗೆ ಅವಳ ಮೇಲೆ ಸ್ವಲ್ಪ ಮರ್ಯಾದೆ ಹುಟ್ಟಿತು. ಬೇಗ ಹೋಯಿತು.

ಅವಳ ಮಾತಿನ ಪ್ರಕಾರ ದಾರಿಗಳು ಹೀಗಿವೆ. ಓಟದ ವೇಗ ತಗ್ಗಿಸುವ ಮಾತ್ರೆ ಒಂದು. ಅದನ್ನು ನುಂಗಿದರೆ ಲಿಫ್ಟು ತಪ್ಪು ಮಹಡಿಗೇ ಹೋಗುತ್ತದೆ, ನಿಧಾನವಾಗಿ ಹೋಗುತ್ತದೆ. ತಾಳವನ್ನೇ ಸರಿಯಾಗಿ ಹಿಡಿದಿಡುವ ಮಾತ್ರೆಗಳು ಇನ್ನೊಂದು ಜಾತಿ, ಅವನ್ನು ಆಮೇಲೆ ನೋಡೋಣ ಎಂದಳು. ಮೂರನೆಯದು ಶಾಕ್. ನಿದ್ದೆ ಬರಿಸಿ, ಎದೆಯ ಮೇಲೆ ಎರಡು ಪಟ್ಟಿ ಅಂಟಿಸಿ, ಒಂದು ಏಟು ಕರೆಂಟು ಕೊಟ್ಟರೆ ಹೃದಯ ಒಂದು ಗಳಿಗೆ ನಿಂತಂತಾಗಿ ಮತ್ತೆ ಹೊಸದಾಗಿ ಶುರುವಾಗುತ್ತದಂತೆ. "ಆಫ್ ಮಾಡಿ ಆನ್ ಮಾಡೋದು ಅನ್ನಿ" ಎಂದೆ. "ಹೂಂ, ಹಾಗೇ ಅಂದ್ಕೊಳ್ಳಿ" ಎಂದಳು. ನಾವು ಅರ್ಧ ಆಯುಸ್ಸು ಮಾಡಿದ ಕೆಲಸಕ್ಕೆ ಇವರು ಬಿಳಿ ಕೋಟು ಹಾಕಿಕೊಳ್ಳುತ್ತಾರೆ.

ಶಾಕಿಗೂ ಬಗ್ಗದಿದ್ದರೆ ತೊಡೆಸಂದಿಯ ರಕ್ತನಾಳದಿಂದ ಸಣ್ಣ ತಂತಿ ತೂರಿಸಿ, ಹೃದಯದವರೆಗೆ ನಡೆಸಿ, ಕಿತಾಪತಿ ಮಾಡುವ ಜಾಗವನ್ನು ಹುಡುಕಿ ಸುಡುತ್ತಾರಂತೆ. ನೆಲಮಹಡಿಯಿಂದ ವೈರು ಎಳೆದು ಮೋಟಾರ್ ಕೋಣೆಯಲ್ಲಿ ಬೆಸುಗೆ ಹಾಕಿದ ಹಾಗೆ. ಪೇಸ್‌ಮೇಕರ್ ಹಾಕಿ ಅಂದದ್ದಕ್ಕೆ, "ಅದು ಬಡಿತ ತೀರಾ ನಿಧಾನ ಆದೋರಿಗೆ. ನಿಮಗೆ ಈಗ ಬೇಡ" ಎಂದಳು. ಕೇಳಿದ್ದು ಕೊಡದ ಅಂಗಡಿ.

ನಾನು ಶಾಕ್ ಆರಿಸಿಕೊಂಡೆ. ಏಪ್ರಿಲ್ ಹತ್ತಕ್ಕೆ ನಿಗದಿಯಾಗಿದೆ. ಆದರೆ ಅದಕ್ಕೆ ಮೊದಲು ಕನಿಷ್ಠ ಮೂರು ವಾರ, ದಿನಕ್ಕೆ ಎರಡು ಹೊತ್ತು, ರಕ್ತ ಹೆಪ್ಪುಗಟ್ಟದಂತೆ ಮಾಡುವ ಮಾತ್ರೆ ನುಂಗಬೇಕು. "ಮೇಲಿನ ಕೋಣೆ ನಡುಗ್ತಾ ನಿಂತಾಗ ಅಲ್ಲಿ ರಕ್ತ ನಿಂತು ಗಡ್ಡೆ ಕಟ್ಟುತ್ತೆ. ಗಡ್ಡೆ ಇರುವಾಗ ಶಾಕ್ ಕೊಟ್ಟು ಹೃದಯ ಸರಿಯಾಗಿ ಬಡಿದ್ರೆ, ಅದು ಕಿತ್ಕೊಂಡು ಸೀದಾ ಮೆದುಳಿಗೆ ಹೋಗಬಹುದು. ಕೈಕಾಲು, ಮಾತು, ಜೀವ, ಯಾವುದು ಬೇಕಾದ್ರೂ ಹೋಗಬಹುದು. ಒಂದು ಹೊತ್ತೂ ತಪ್ಪಿಸೋ ಹಾಗಿಲ್ಲ" ಎಂದಳು. ಹೆದರಿಸುವ ಕಲೆ ಚೆನ್ನಾಗಿ ಬರುತ್ತದೆ.

ನನಗೆ ಒಪ್ಪಿಗೆಯಾಗದ್ದು ಒಂದೇ. ನಿದ್ದೆ ಬರಿಸುತ್ತಾರೆ. ಒಳಗಿರುವವನು ನಾನು, ಸ್ವಿಚ್ಚು ಯಾರೋ ಗುರುತಿಲ್ಲದವರ ಕೈಯಲ್ಲಿ. ನಮ್ಮ ಕಸುಬಿನಲ್ಲಿ ಹೀಗೆ ಕೆಲಸ ಮಾಡುವವನನ್ನು ಕತ್ತು ಹಿಡಿದು ದಬ್ಬುತ್ತಿದ್ದೆವು.

ಸ್ಟೂಲು ಇನ್ನೂ ಬಂದಿಲ್ಲ.

ಇತಿ,
ಸ್ಟೂಲಿನ ನಿಜವಾದ ಒಡೆಯ


ಮಾರ್ಚ್ ೧೮

ಪೂಜ್ಯ ಭಾವನವರಿಗೆ,

ಡಾಕ್ಟರಮ್ಮ ಇಷ್ಟು ಬಿಡಿಸಿ ಹೇಳಿದ ಮೇಲೂ ನಿಮಗೆ ಅವರ ಮೇಲೆ ಉಳಿದದ್ದು ತಾತ್ಸಾರ. ಸಂತೋಷ. ನಿಮಗೆ ತಾತ್ಸಾರ ಇಲ್ಲದ್ದು ಯಾವುದೆಂದು ಇಪ್ಪತ್ತು ವರ್ಷ ಹುಡುಕಿದೆ. ಒಂದೇ ಒಂದು ಸಿಕ್ಕಿತ್ತು, ಬೀಗ.

ಮೊದಲ ದಿನ ನನ್ನ ಕೈಗೆ ಕೆಂಪು ಬೀಗವೊಂದನ್ನು ಕೊಟ್ಟು ನೀವು ಉಪದೇಶ ಮಾಡಿದ್ದು ನೆನಪಿದೆಯೇ? "ಗುಂಡಿಗೆ ಇಳಿಯೋ ಮುಂಚೆ ಮೇನ್ ಆಫ್ ಮಾಡಿ ನಿನ್ನ ಬೀಗ ಹಾಕು. ಕೀಲಿ ನಿನ್ನ ಜೇಬಲ್ಲಿರಲಿ. ಹಾಕಿದವನೇ ತೆಗೀಬೇಕು. ಇನ್ನೊಬ್ಬರ ಬೀಗಕ್ಕೆ ಕೈ ಹಾಕಿದವನು ಮನುಷ್ಯನೇ ಅಲ್ಲ, ಅವನ ಮನೆ ನೀರೂ ಕುಡೀಬಾರದು." ಒಂದು ಸಲ ಯಾರೋ ಎಲೆಕ್ಟ್ರಿಷಿಯನ್ ಸ್ವಿಚ್ಚಿಗೆ ಬೀಗ ಜಡಿದು, ಮರೆತು, ಮಾವನ ಮನೆಗೆ ಹೋಗಿಬಿಟ್ಟಿದ್ದ. ಎಂಟು ಮಹಡಿಯ ಜನ ಮೆಟ್ಟಿಲು ಹತ್ತುತ್ತಾ ನಿಮ್ಮ ವಂಶವನ್ನೆಲ್ಲ ಬೈದರು. ಕಟ್ಟಡದ ಕಾರ್ಯದರ್ಶಿ ಗರಗಸ ಹಿಡಿದುಕೊಂಡೇ ಬಂದರು. ನೀವು ಬೀಗದ ಮುಂದೆ ಅಡ್ಡ ನಿಂತು, "ಅವನು ಎಲ್ಲಿದ್ದಾನೋ ಹುಡುಕಿ ಕರಕೊಂಡು ಬನ್ನಿ. ಇದನ್ನ ಕೊಯ್ಯೋದಾದ್ರೆ ಮೊದಲು ನನ್ನ ಕೊಯ್ಯಿರಿ" ಅಂದಿರಿ. ಆ ಮನುಷ್ಯ ಮಾರನೇ ದಿನ ಬಂದ, ಊಟ ಭರ್ಜರಿಯಾಗಿತ್ತು ಎಂದು ಹೇಳಿಕೊಂಡು.

ಆ ಕೆಂಪು ಬೀಗ ನನ್ನ ಹತ್ತಿರ ಈಗಲೂ ಇದೆ. ಕಂಪನಿಯ ಬೀಗ ಬೇರೆ, ಅದರ ಮೇಲೂ ನನ್ನ ಫೋಟೋ ಇದೆ.

ಮಾತ್ರೆ ತಪ್ಪಿಸಬೇಡಿ. ಇದು ಉಪದೇಶವಲ್ಲ, ನಿಮಗೆ ಉಪದೇಶ ಮಾಡುವಷ್ಟು ಬಿಡುವಿಲ್ಲ.

ಇತಿ,
ತಮ್ಮ ಭಾಮೈದ


ಏಪ್ರಿಲ್ ೧

ಉಪದೇಶಿಗೆ,

ನಿನ್ನ ಬಾಯಿಗೆ ಬೀಗ ಹಾಕುವ ಕೆಲಸವೊಂದು ಬಾಕಿ ಉಳಿಯಿತು.

ಮೊದಲ ವಾರ ಮಾತ್ರೆ ಸರಿಯಾಗಿ ನುಂಗಿದೆ. ಆಮೇಲೆ ಎಂಟು ಮಹಡಿ ಕಟ್ಟಡದಲ್ಲಿ ಬಾಗಿಲಿನ ಹಳಿ ಬಿಚ್ಚುವಾಗ ತಗಡು ಹೆಬ್ಬೆರಳು ಕೊಯ್ದಿತು. ಅಂಥ ಗಾಯಕ್ಕೆ ನಾವು ಗ್ರೀಸು ಮೆತ್ತಿ ಕೆಲಸ ಮುಂದುವರಿಸಿದವರು. ಈ ಮಾತ್ರೆಯ ದಯೆಯಿಂದ ರಕ್ತ ನಿಲ್ಲಲೇ ಇಲ್ಲ. ಹೊಸ ಅಮೃತಶಿಲೆಯ ನೆಲದ ಮೇಲೆ ತೊಟ್ಟಿಕ್ಕಿ, ಕಾರ್ಯದರ್ಶಿಯ ಹೆಂಡತಿ ನೋಡಿ, ಯಾರೋ ಕೊಲೆಯಾಗಿದ್ದಾರೆ ಎಂದು ಕೂಗಿಕೊಂಡು, ಮೂರು ಮಹಡಿಯ ಜನ ಇಳಿದು ಬಂದರು. ಈ ವಯಸ್ಸಿನಲ್ಲಿ ಹೆಬ್ಬೆರಳನ್ನು ಮೇಲೆತ್ತಿ ಹಿಡಿದುಕೊಂಡು, ಗೆದ್ದವನ ಹಾಗೆ, ಅವರ ಮುಂದೆ ಕೂತಿರಬೇಕಾಯಿತು.

ಆದ್ದರಿಂದ ನಾನೊಂದು ಕ್ರಮ ಮಾಡಿಕೊಂಡಿದ್ದೇನೆ. ಕೆಲಸವಿರುವ ದಿನ ಮಾತ್ರೆಗೆ ರಜೆ. ರಜೆಯ ದಿನ ಮಾತ್ರೆಗೆ ಕೆಲಸ. ಯಂತ್ರವನ್ನು ಬಲ್ಲವನಿಗೆ ಹೊಳೆಯುವಂಥ ಕ್ರಮ ಇದು. ಲಿಫ್ಟಿಗೆ ದಿನಾ ಎಣ್ಣೆ ಹಾಕುತ್ತೇವೆಯೇ? ತಿಂಗಳಿಗೊಮ್ಮೆ ಸರ್ವೀಸು, ಅಷ್ಟೇ. ಅದೂ ಅಲ್ಲದೆ ಮೊನ್ನೆಯಿಂದ ಬಡಿತ ತಾನಾಗಿಯೇ ಸರಿಹೋದಂತಿದೆ. ಬೆಕ್ಕು ಮಲಗಿದೆ. ಮೂರನೇ ಮಹಡಿ ನನ್ನ ಮಣಿಕಟ್ಟು ಹಿಡಿದು ನೋಡಿ, ಗಡಿಯಾರದಂತಿದೆ ಎಂದರು. ಅವರ ಗಡಿಯಾರ ನಿಂತು ವರ್ಷವಾಯಿತು, ಆ ಮಾತು ಬೇರೆ.

ಹತ್ತನೇ ತಾರೀಕು ಹೋಗಿ ಶಾಕ್ ಹಾಕಿಸಿಕೊಂಡು ಬರುತ್ತೇನೆ. ಡಾಕ್ಟರಮ್ಮ, "ಎಲ್ಲಾ ಮಾತ್ರೆ ತಗೊಂಡ್ರಾ?" ಎಂದು ಕೇಳಿಯೇ ಕೇಳುತ್ತಾಳೆ. "ತಗೊಂಡೆ" ಅನ್ನುತ್ತೇನೆ. ತಗೊಂಡದ್ದು ನಿಜವೇ, ಎಲ್ಲಾ ಎಂಬ ಮಾತು ಅವಳದು. ಇಲ್ಲವೆಂದರೆ ಮತ್ತೆ ಮೊದಲಿನಿಂದ ವಾರ ಎಣಿಸುತ್ತಾಳೆ, ಆ ಪುಸ್ತಕದ ಹುಳದ ಮುಂದೆ ನಾನು ಕೈಕಟ್ಟಿ ನಿಲ್ಲಬೇಕು. ಆಗದ ಮಾತು.

ನಿನ್ನ ಅಕ್ಕನಿಗೆ ಇದು ಗೊತ್ತಿಲ್ಲ. ನಿನಗೆ ಬರೆದೆ, ಏಕೆಂದರೆ ನಮ್ಮಿಬ್ಬರಿಗೆ ಮಾತಿಲ್ಲ. ಮಾತಿಲ್ಲದವನಿಗೆ ಹೇಳಿದರೆ ಗೋಡೆಗೆ ಹೇಳಿದ ಹಾಗೆ, ಕ್ಷೇಮ.

ಇತಿ,
ಯಂತ್ರ ಬಲ್ಲವನು


ಏಪ್ರಿಲ್ ೩

ಭಾವ,

"ತಾನಾಗಿ ಸರಿಹೋದ ದೋಷವನ್ನು ನಂಬಬೇಡ, ಅದು ಹೋಗಿಲ್ಲ, ಬಚ್ಚಿಟ್ಟುಕೊಂಡಿದೆ." ಹೀಗೆಂದು ನನ್ನ ತಲೆಗೆ ಸ್ಪ್ಯಾನರಿನಿಂದ ಮೊಟಕಿ ಕಲಿಸಿದವರು ಯಾರು? ಬ್ರೇಕು ತಾನಾಗಿ ಸರಿಹೋಯಿತೆಂದು ಬರೆದುಕೊಟ್ಟು ಹೋದ ಆ ಇನ್ನೊಂದು ಕಂಪನಿಯ ಮೇಸ್ತ್ರಿಯನ್ನು ಕಟ್ಟಡದ ಅಂಗಳದಲ್ಲಿ ನಿಲ್ಲಿಸಿ ನೀವು ಏನೇನು ಅಂದಿರಿ? ಆ ಮಾತುಗಳನ್ನೆಲ್ಲ ಇಲ್ಲಿ ಬರೆದು ನಿಮಗೇ ಕಳಿಸಬೇಕೆಂದಿದ್ದೆ. ಕಾಗದಕ್ಕೆ ನಾಚಿಕೆಯಾದೀತು.

ಶಾಕ್ ಕೊಡುವುದಕ್ಕೆ ಡಾಕ್ಟರಮ್ಮ ಹೆದರುವುದಿಲ್ಲ, ನಿಮ್ಮ ಸುಳ್ಳು ನಂಬಿ ಕೊಡುತ್ತಾರೆ. ಗುಂಡಿಯಲ್ಲಿ ಮನುಷ್ಯ ಇದ್ದಾನೆಂದು ತಿಳಿಯದೆ ಸ್ವಿಚ್ಚು ಒತ್ತುವವರಿಗೂ ಅವರಿಗೂ ಏನು ವ್ಯತ್ಯಾಸ? ಮನುಷ್ಯ ಇದ್ದಾನೆಂದು ಹೇಳದವರು ನೀವು.

ನಿಮಗೆ ಬುದ್ಧಿ ಹೇಳಿ ಉಪಯೋಗವಿಲ್ಲ. ಅದಕ್ಕೆ ಒಂದು ಕೆಲಸ ಮಾಡಿದ್ದೇನೆ. ಈವತ್ತು ಮಧ್ಯಾಹ್ನ ನೀವು ಕ್ಷೌರಕ್ಕೆ ಹೋದಾಗ ಮನೆಗೆ ಬಂದಿದ್ದೆ. ಅಕ್ಕನಿಗೆ ನಿಮ್ಮ ಕಾಗದ ತೋರಿಸಿದೆ. ಗೋಡೆಗೆ ಕಿವಿಯೂ ಇತ್ತು, ಬಾಯಿಯೂ ಇತ್ತು. ಆಮೇಲೆ ನಿಮ್ಮ ಕಬ್ಬಿಣದ ಸಾಮಾನಿನ ಪೆಟ್ಟಿಗೆಗೆ ನನ್ನ ಕೆಂಪು ಬೀಗ ಹಾಕಿದೆ. ಕೀಲಿ ನನ್ನ ಜೇಬಿನಲ್ಲಿದೆ.

ಡಾಕ್ಟರಮ್ಮನ ಎದುರು ನಿಂತು, ನಿಮ್ಮ ಬಾಯಲ್ಲೇ, ಎಷ್ಟು ಮಾತ್ರೆ ತಪ್ಪಿಸಿದ್ದೀರಿ ಎಂದು ಹೇಳಿ. ಅವರು ಕೆಲಸ ಮಾಡಬಹುದು ಎಂದ ದಿನ ಬಂದು ತೆಗೆಯುತ್ತೇನೆ.

ಹಾಕಿದವನು ನಾನು.

ಭಾಮೈದ


ಏಪ್ರಿಲ್ ೫

ದ್ರೋಹಿಗೆ,

ನನ್ನ ಮನೆಗೆ, ನಾನಿಲ್ಲದಾಗ, ನನ್ನ ಹೆಂಡತಿ ಮಾಡಿದ ಕಾಫಿ ಕುಡಿದು, ನನ್ನ ಪೆಟ್ಟಿಗೆಗೆ, ನಾನೇ ಕೊಟ್ಟ ಬೀಗವನ್ನು. ವಾಕ್ಯ ಮುಗಿಸಲು ಕ್ರಿಯಾಪದ ಸಿಗುತ್ತಿಲ್ಲ. ಸಿಕ್ಕಿದ್ದನ್ನು ನಿನ್ನ ಅಕ್ಕ ಬರೆಯಬೇಡಿ ಎನ್ನುತ್ತಾಳೆ.

ಇದನ್ನು ಕೊಯ್ಯಲು ಎರಡು ನಿಮಿಷ ಸಾಕು. ಗರಗಸ ಪೆಟ್ಟಿಗೆಯ ಒಳಗಿದೆ ಎಂಬುದು ನಿಜ. ಆದರೆ ಗರಗಸಗಳಿಗೆ ಈ ಜಗತ್ತಿನಲ್ಲಿ ಬರವಿಲ್ಲ. ಮೂರನೇ ಮಹಡಿ ಕೇಳುವ ಮೊದಲೇ ತಮ್ಮದನ್ನು ತಂದುಕೊಟ್ಟರು. "ಕೊಯ್ದು ಬಿಸಾಕಿ ಸಾರ್, ನಿಮ್ಮ ಪೆಟ್ಟಿಗೆ, ನಿಮ್ಮ ಹಕ್ಕು" ಎಂದರು. ನಾನು ಗರಗಸವನ್ನು ಬೀಗದ ಮೇಲಿಟ್ಟೆ ಕೂಡ. ಅದರ ತಳದಲ್ಲಿ ನಿನ್ನ ಹೆಸರಿನ ಮೊದಲಕ್ಷರವಿದೆ. ನಾನೇ ಮೊಳೆಯಲ್ಲಿ ಕೆತ್ತಿಕೊಟ್ಟದ್ದು. ವಕ್ರವಾಗಿದೆ.

ಮೂರನೇ ಮಹಡಿಗೆ, ಇನ್ನೊಬ್ಬರ ಬೀಗಕ್ಕೆ ಗರಗಸ ತಂದುಕೊಡುವ ಮನುಷ್ಯನ ಮನೆಯ ನೀರನ್ನು ನಾನು ಕುಡಿಯುವುದಿಲ್ಲ ಎಂದೆ. ಅವರು ಮುಖ ಊದಿಸಿಕೊಂಡು ಮೆಟ್ಟಿಲು ಹತ್ತಿ ಹೋದರು. ಲಿಫ್ಟು ಕೆಟ್ಟಿದೆ, ಸಾಮಾನು ಇಲ್ಲದೆ ನಾನು ರಿಪೇರಿ ಮಾಡುವ ಹಾಗಿಲ್ಲ. ಇಡೀ ಕಟ್ಟಡ ಮೆಟ್ಟಿಲು ಹತ್ತುತ್ತಾ ನನ್ನ ವಂಶವನ್ನು ಬೈಯುತ್ತಿದೆ. ಎಲ್ಲ ನಿನ್ನ ಲೆಕ್ಕಕ್ಕೆ.

ನೀನು ಗೆದ್ದೆ ಎಂದುಕೊಳ್ಳಬೇಡ. ಡಾಕ್ಟರಮ್ಮನ ಹತ್ತಿರ ಹೋಗುತ್ತೇನೋ ಇಲ್ಲವೋ ಅದು ನನ್ನ ಇಷ್ಟ.

ಇತಿ ಇಲ್ಲ, ಏನೂ ಇಲ್ಲ.


ಏಪ್ರಿಲ್ ೬

ತಮ್ಮಾ,

ನಿಮ್ಮಿಬ್ಬರ ಕಾಗದ ಹೊತ್ತು ಹೊತ್ತು ನನ್ನ ತರಕಾರಿ ಚೀಲದ ಹಿಡಿ ಕಿತ್ತು ಬಂದಿದೆ. ಈಗ ನಾನೂ ಒಂದು ಬರೆಯುತ್ತೇನೆ, ಯಾರೂ ಹೊರಬೇಕಿಲ್ಲ, ನಾನೇ ತರುತ್ತೇನೆ.

ನಿನ್ನ ಭಾವ ಎರಡು ದಿನದಿಂದ ಆ ಪೆಟ್ಟಿಗೆಯ ಎದುರು ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಅದು ಬಾಯಿಬಿಟ್ಟು ತಪ್ಪಾಯಿತು ಎನ್ನಲಿ ಎಂದು ಕಾಯುತ್ತಾ ಇರಬೇಕು. ಮಾತ್ರೆ ಮಾತ್ರ ಹೊತ್ತುಹೊತ್ತಿಗೆ ನುಂಗುತ್ತಿದ್ದಾರೆ, ನಾನು ಬಾಯಿ ತೆರೆಸಿ ನಾಲಿಗೆ ಎತ್ತಿಸಿ ನೋಡುತ್ತೇನೆ. "ನಾನೇನು ಕುದುರೆಯೇನೇ?" ಅಂದರು. ಕುದುರೆಗೆ ಇಷ್ಟು ಹಟ ಇರಲ್ಲ ಅಂದೆ.

ಹತ್ತನೇ ತಾರೀಕು ಅವರು ಹೇಳದಿದ್ದರೆ ನಾನು ಡಾಕ್ಟರಮ್ಮನಿಗೆ ಹೇಳಿಯೇ ಹೇಳುತ್ತೇನೆ, ಆಮೇಲೆ ಜೀವಮಾನವಿಡೀ ಮುಖ ತಿರುಗಿಸಿಕೊಂಡಿರಲಿ. ಲಕ್ವ ಹೊಡೆಯದೆ ಮುಖವಾದರೂ ನೆಟ್ಟಗಿರುತ್ತಲ್ಲ. ಆದರೆ ಅವರೇ ಹೇಳಿದರೆ ಮಾತ್ರೆ ಆಮೇಲೂ ನುಂಗುತ್ತಾರೆ, ನಾನು ಹೇಳಿದರೆ ನಾನು ಆಚೆ ಹೋದಾಗೆಲ್ಲ ಉಗುಳುತ್ತಾರೆ. ಅವರ ಜಾತಕ ನನಗೆ ಗೊತ್ತು.

ನೀನು ಹೋದಮೇಲೆ ಅವರು ಗುಂಡಿಗೆ ಒಬ್ಬರೇ ಇಳಿಯುವಾಗ ಏನು ಮಾಡುತ್ತಾರೆ ಗೊತ್ತಾ? ಸ್ವಿಚ್ಚಿನ ಪಕ್ಕ, ಸ್ಟೂಲು ಇರುತ್ತಿದ್ದ ಜಾಗದಲ್ಲಿ, ತಮ್ಮ ಚಪ್ಪಲಿ ಬಿಟ್ಟು ಇಳಿಯುತ್ತಾರೆ. ಯಾರೋ ಇದ್ದಾರೆ ಅಂತ ಜನ ಅಂದ್ಕೊಳ್ಳಲಿ ಅಂತೆ. ಒಂದು ಸಲ ಊಟದ ಡಬ್ಬಿ ಕೊಡಲು ಹೋಗಿ ನೋಡಿದೆ. ಯಾರಿಗೂ ಹೇಳಬೇಡ ಅಂದಿದ್ದರು.

ನೀನು ಬೀಗ ಹಾಕಿದ್ದು ಸರಿ. ಎರಡು ವರ್ಷ ಮೊದಲು ಟೆಂಪೋಗೆ ಹಾಕಬೇಕಿತ್ತು ನಾನು.

ಅಕ್ಕ


ಏಪ್ರಿಲ್ ೧೧

ಬೀಗದವನಿಗೆ,

ವರದಿ ಒಪ್ಪಿಸುತ್ತಿಲ್ಲ. ಕಾಗದ ಖಾಲಿ ಇತ್ತು, ಬರೆಯುತ್ತಿದ್ದೇನೆ.

ನಿನ್ನೆ ಆಸ್ಪತ್ರೆಗೆ ಹೋದೆವು. ಹಿಂದೆ ಗಂಟು ಕಟ್ಟುವ, ಯಾರ ಮಾನಕ್ಕೂ ಸಾಲದ ಒಂದು ಅಂಗಿ ತೊಡಿಸಿ ಮಂಚದ ಮೇಲೆ ಮಲಗಿಸಿದರು. ಡಾಕ್ಟರಮ್ಮ ಬಂದಳು. "ಎಲ್ಲಾ ಮಾತ್ರೆ ತಗೊಂಡ್ರಾ?"

ನಿನ್ನ ಅಕ್ಕ ಸೂರು ನೋಡುತ್ತಿದ್ದಳು. ನಾನು ಗೋಡೆ ನೋಡಿದೆ. ಅಲ್ಲಿ ಶಾಕಿನ ಯಂತ್ರವಿತ್ತು, ಅದರ ವೈರು ಪ್ಲಗ್ಗಿನವರೆಗೆ ಹೋಗಿತ್ತು. ನನ್ನ ಕಣ್ಣು ತಾನಾಗಿಯೇ ಆ ಸ್ವಿಚ್ಚಿನ ಪಕ್ಕ ಹೋಯಿತು. ಅಲ್ಲಿ ಯಾರೂ ಕೂತಿರಲಿಲ್ಲ. ಚಪ್ಪಲಿಯೂ ಇರಲಿಲ್ಲ.

"ಇಲ್ಲ" ಎಂದೆ. "ಕೆಲಸದ ದಿನ ಬಿಟ್ಟಿದ್ದೆ."

ಅವಳು ಕೈಯಲ್ಲಿದ್ದ ಪಟ್ಟಿಗಳನ್ನು ಕೆಳಗಿಟ್ಟಳು. ಬೈಯುತ್ತಾಳೆ ಎಂದುಕೊಂಡೆ. ಬೈಗುಳಕ್ಕೆ ಉತ್ತರ ಸಿದ್ಧವಿತ್ತು. ಅವಳು ಬೈಯಲಿಲ್ಲ. "ನಿಮ್ಮ ಲಿಫ್ಟಿಗೆ ಬ್ರೇಕ್ ಭಾನುವಾರ ಮಾತ್ರ ಹಾಕಿಡ್ತೀರಾ?" ಎಂದು ಕೇಳಿದಳು. ನನ್ನ ಕಸುಬಿನಲ್ಲಿ ನನಗೇ ಹೊಡೆದಳು. ಈ ಪುಸ್ತಕದ ಹುಳಕ್ಕೆ ಇಷ್ಟು ಮೊನಚು ಎಲ್ಲಿಂದ ಬಂತೋ. ನಾನೂ ಹಾಗೆಯೇ ಕೇಳುತ್ತಿದ್ದೆ.

ಶಾಕ್ ರದ್ದಾಯಿತು. "ಹೇಗೂ ಉಪವಾಸ ಬಂದಿದ್ದೀರಿ, ಒಳಗೆ ನೋಡೇಬಿಡೋಣ" ಎಂದು, ಗಂಟಲು ಜೋಮು ಹಿಡಿಸಿ, ತುದಿಯಲ್ಲಿ ಕಣ್ಣಿರುವ ಪೈಪನ್ನು ಅನ್ನನಾಳಕ್ಕೆ ಇಳಿಸಿ, ಹೃದಯವನ್ನು ಹಿಂದುಗಡೆಯಿಂದ ಇಣುಕಿದಳು. ಆಮೇಲೆ ಪರದೆ ತೋರಿಸಿದಳು. ಮೇಲಿನ ಎಡಗೋಣೆಗೆ ಕಿವಿಯಂಥ ಒಂದು ಸಣ್ಣ ಸಂದು ಇರುತ್ತದಂತೆ. ಆ ಸಂದಿನಲ್ಲಿ, ಮೂಲೆಯಲ್ಲಿ, ಏನೋ ಕೂತು ಅಲ್ಲಾಡುತ್ತಿತ್ತು. ನಮ್ಮ ಚಿಕ್ಕ ನಟ್ಟಿನಷ್ಟು.

"ಇದೇ ಗಡ್ಡೆ. ನೀವು 'ತಗೊಂಡೆ' ಅಂದಿದ್ರೆ ನಾನು ನಂಬ್ತಿದ್ದೆ" ಎಂದಳು. ಅಷ್ಟೇ ಹೇಳಿದ್ದು. ಮುಂದಿನದನ್ನು ಹೇಳದೆ ಪೈಪು ಸುತ್ತಿಕೊಂಡು ಹೋದಳು. ವಾಕ್ಯ ಮುಗಿಸದೆ ಹೋಗುವವರನ್ನು ಕಂಡರೆ ನನಗಾಗುವುದಿಲ್ಲ. ನಿನ್ನ ಅಕ್ಕ ನನ್ನ ಅಂಗಿಯ ಗಂಟನ್ನು ಬಿಚ್ಚಿ ಬಿಚ್ಚಿ ಕಟ್ಟುತ್ತಿದ್ದಳು.

ಈಗ ಇನ್ನೂ ಹಲವು ವಾರ ಮಾತ್ರೆ. ಮತ್ತೆ ಪೈಪು. ಗಡ್ಡೆ ಕರಗಿದ್ದರೆ ಶಾಕ್. ಶಾಕಿನಲ್ಲಿ ನಿಲ್ಲದಿದ್ದರೆ ತಂತಿ ಹಾಕಿ ಸುಡುವುದು. ಯಾವುದೇ ಆದರೂ ಮಾತ್ರೆ ಮುಂದುವರಿಯುತ್ತದೆ, ಬಡಿತ ಸರಿಯಾದರೂ. ಗಡ್ಡೆ ಕರಗುವವರೆಗೆ ಗುಂಡಿಗೆ ಇಳಿಯುವ ಹಾಗಿಲ್ಲ, ಆಮೇಲೂ ಒಬ್ಬನೇ ಇಳಿಯುವ ಹಾಗಿಲ್ಲ.

ಬೀಗ ಇದ್ದಲ್ಲೇ ಇದೆ. ಧೂಳು ಕೂತಿತ್ತು, ಒರೆಸಿದೆ. ನಿನ್ನ ಮೇಲಿನ ಪ್ರೀತಿಯಿಂದಲ್ಲ, ಪೆಟ್ಟಿಗೆ ನನ್ನದು.

ಭಾವ


ಏಪ್ರಿಲ್ ೧೩

ಭಾವ,

ಕಾಗದ ಓದಿದೆ. ಎರಡು ಸಲ. ಬರೆಯಲು ವಿಶೇಷವೇನಿಲ್ಲ. ನಿಮ್ಮ ಕಟ್ಟಡದ ಲಿಫ್ಟನ್ನು ಭಾನುವಾರ ಬಂದು ನೋಡುತ್ತೇನೆ, ಮೂರನೇ ಮಹಡಿಯ ಮಂಡಿಗಳ ಮೇಲೆ ಕರುಣೆಯಿಂದ. ಮಾತಾಡಿಸಬೇಡಿ. ನಾನೂ ಆಡುವುದಿಲ್ಲ.

ಗುಂಡಿಯಲ್ಲಿದ್ದಾಗ ಸ್ವಿಚ್ಚಿನ ಪಕ್ಕ ಯಾರಾದರೂ ಕೂತಿದ್ದರೆ ಅನುಕೂಲ. ಕುರ್ಚಿ ಹಾಕಿಕೊಂಡು ಕೂರುವುದು ನಿಮಗೆ ಅಭ್ಯಾಸವಾಗಿದೆ ಎಂದು ಕೇಳಿದೆ.

ಭಾಮೈದ


ಮೇ ೨೬

ಭಾಮೈದನಿಗೆ,

ಆರು ಭಾನುವಾರ ಬಂದು ಒಂದು ಮಾತೂ ಆಡದೆ ನನ್ನ ಲಿಫ್ಟನ್ನು ಹಾಳುಮಾಡಿ ಹೋದೆ. ಬಾಗಿಲು ಈಗ ಸದ್ದೇ ಮಾಡದೆ ಮುಚ್ಚುತ್ತದೆ. ಬಂತೋ ಹೋಯಿತೋ ತಿಳಿಯುವುದಿಲ್ಲ. ಕಂಪನಿಯಲ್ಲಿ ಇದನ್ನೇ ಕಲಿಸುತ್ತಾರೆಂದು ಕಾಣುತ್ತದೆ.

ನಿನ್ನೆ ಮತ್ತೆ ಪೈಪು ಇಳಿಸಿದರು. ಸಂದು ಖಾಲಿ. ನಟ್ಟು ಕರಗಿದೆ. ಡಾಕ್ಟರಮ್ಮ ಪರದೆ ತೋರಿಸಿ ಮೊದಲ ಸಲ ನಕ್ಕಳು. ಹಲ್ಲುಗಳು ಪರವಾಗಿಲ್ಲ.

ಶಾಕಿಗೆ ಶುಕ್ರವಾರ ನಿಗದಿಯಾಗಿದೆ. ಬೆಳಗ್ಗೆ. ನಿದ್ದೆ ಬರಿಸುವ ವಿಷಯ ನಾನು ಮತ್ತೆ ಎತ್ತಿದೆ. "ಸ್ವಿಚ್ ನನ್ನ ಕೈಯಲ್ಲಿರುತ್ತೆ. ನಿಮಗೆ ನಂಬಿಕೆ ಇಲ್ವಾ?" ಎಂದಳು. ನಂಬಿಕೆಯ ಪ್ರಶ್ನೆಯಲ್ಲ, ಕಸುಬಿನ ಪ್ರಶ್ನೆ ಎಂದೆ. ಒಬ್ಬ ಗುಂಡಿಗೆ ಇಳಿದರೆ ಇನ್ನೊಬ್ಬ ಪಕ್ಕದಲ್ಲಿರಬೇಕು, ಅಲ್ಲಾಡಬಾರದು, ಹರಟೆ ಹೊಡೆಯಬಾರದು, ಬೀಡಿಗೆಂದು ಎದ್ದು ಹೋಗಬಾರದು. ಅದಕ್ಕೆ ಅವಳು, ಕೋಣೆಯೊಳಗೆ ಆಗುವುದಿಲ್ಲ, ಬಾಗಿಲ ಹೊರಗೆ, ಗಾಜಿನ ಪಕ್ಕ ಒಬ್ಬರು ಇರಬಹುದು ಎಂದಳು. ನಿನ್ನ ಅಕ್ಕ, "ನನ್ನಿಂದಾಗಲ್ಲ, ನಾನು ಕಣ್ಣು ಮುಚ್ಕೊಂಡು ಕೆಳಗೆ ಕೂತಿರ್ತೀನಿ" ಎಂದಳು. ಮೂರನೇ ಮಹಡಿ ತಾವು ಬರುತ್ತೇವೆಂದು ಮುಂದೆ ಬಂದರು. ಗರಗಸದ ಮನುಷ್ಯ, ಬೇಡವೆಂದೆ.

ಉಳಿದವನು ನೀನು. ಆಯ್ಕೆ ಎಷ್ಟು ಕಳಪೆಯೆಂದು ನನಗೂ ಗೊತ್ತು.

ಬೀಗ ಅಲ್ಲಿಯವರೆಗೆ ಇರಲಿ. ಮನೆಗೆ ವಾಪಸಾದ ಮೇಲೆ, ಹಾಕಿದವನೇ ಬಂದು ತೆಗೆಯಬೇಕು. ಅದು ನಿಯಮ, ನಾನು ಮಾಡಿದ್ದು.

ಒಂದು ಸಣ್ಣ ಕೆಲಸ. ಆ ಬಾಗಿಲ ಹೊರಗೆ ಕುರ್ಚಿಗಳಿಲ್ಲ, ನಿನಗೆ ಸೊಂಟ ನೋವು ಬೇರೆ. ಶುಕ್ರವಾರ ಬರುವಾಗ ಸ್ಟೂಲು ತಗೊಂಡು ಬಾ. ಆಸ್ಪತ್ರೆಯ ನೆಲದ ಮೇಲೆ ಎಳೆದರೆ ಕಿರ್ರೆಂದು ಎಲ್ಲರ ಎದೆಯೂ ತಾಳ ತಪ್ಪೀತು, ಅದರ ಬರಿಗಾಲಿಗೆ ಒಂದು ರಬ್ಬರ್ ಬೂಟು ಹಾಕಿಸಿಕೊಂಡು ಬಾ.

ಇತಿ,
ನಿನ್ನ ಭಾವ